ಅತ್ತೆಯ ಮಷೀನು ಸಂಘ

ನಮ್ಮ ಅತ್ತೆ ಕಟ್ಟಿದ ಸಂಘದಲ್ಲಿ ಅಧ್ಯಕ್ಷರಿದ್ದರು, ಉಪಾಧ್ಯಕ್ಷರಿದ್ದರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಇದ್ದರು. ಸದಸ್ಯರು ಮಾತ್ರ ಇರಲಿಲ್ಲ. ಇದ್ದ ನಾಲ್ವರಿಗೂ ಪದವಿ ಹಂಚಿದ ಮೇಲೆ ಸದಸ್ಯರಾಗಲು ಉಳಿಯುವವರಾದರೂ ಯಾರು?

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಕೋಲಾರದ ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ಎಂಜಿನಿಯರು. ಅಂದರೆ ಅಲ್ಲಿನ ಬಿ.ಪಿ. ಮಷೀನಿನಿಂದ ಹಿಡಿದು ವೆಂಟಿಲೇಟರಿನವರೆಗೆ ಎಲ್ಲವೂ ಸರಿಯಾಗಿ ಓಡುವಂತೆ ನೋಡಿಕೊಳ್ಳುವವರು. ಇದನ್ನು ನಮ್ಮ ನೆಂಟರಿಗೆ ಅರ್ಥ ಮಾಡಿಸಲು ಇವತ್ತಿನವರೆಗೂ ಆಗಿಲ್ಲ. ಮದುವೆ ಮನೆಯಲ್ಲಿ ಮಂಡಿನೋವಿನವರೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಾರೆ. "ನಾನು ಮಷೀನುಗಳ ಡಾಕ್ಟ್ರು" ಎಂದರೆ, "ಹಂಗಾದ್ರೆ ನಮ್ಮ ಮಿಕ್ಸಿ ಒಂಚೂರು ನೋಡಮ್ಮ" ಎನ್ನುತ್ತಾರೆ. ಅತ್ತೆ ನೋಡಿಯೂ ಬಿಡುತ್ತಾರೆ. ಎಲೆ ಹಾಕುವ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ಮಿಕ್ಸಿ ಬಿಚ್ಚಿ ಹರಡಿಕೊಂಡು ಕೂತಿರುತ್ತಾರೆ.

ಸಂಘ ಹುಟ್ಟಿದ್ದು ಯಲ್ದೂರಿನ ನಮ್ಮ ಮಾವಿನ ತೋಪಿನಲ್ಲಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಆಸ್ಪತ್ರೆಗಳಲ್ಲಿ ಇದೇ ಕೆಲಸದಲ್ಲಿ ಒಬ್ಬೊಬ್ಬರೇ ಒದ್ದಾಡುತ್ತಿದ್ದ ಮೂವರನ್ನು ಅತ್ತೆ ಊಟಕ್ಕೆ ಕರೆದರು. ಮುದ್ದೆ, ಬಸ್ಸಾರು ಮುಗಿದೊಡನೆ ಠರಾವು ಮಂಡಿಸಿದರು: ಒಂದು ಊರಿನಲ್ಲಿ ಮಷೀನು ಕೆಟ್ಟು ಬಿಡಿಭಾಗ ಸಿಗದಿದ್ದರೆ, ಉಳಿದ ಊರಿನವರು ತಮ್ಮಲ್ಲಿ ಹುಡುಕಿ, ತಾವೇ ಒಯ್ದು ಕೊಡಬೇಕು.

"ಕೈ ಎತ್ತೋಕೆ ಸದಸ್ಯರೇ ಇಲ್ವಲ್ಲಮ್ಮ" ಎಂದು ಅಪ್ಪ ರೇಗಿಸಿದರು.

"ನೀನು ಎತ್ತಣ್ಣ. ತೋಪು ನಿಂದೇ ತಾನೇ?"

ಮಾವು, ಹಿಪ್ಪುನೇರಳೆ ಬಿಟ್ಟರೆ ಬೇರೇನೂ ಅರಿಯದ ಅಪ್ಪ ಹೀಗೆ ಬಯೋಮೆಡಿಕಲ್ ಎಂಜಿನಿಯರುಗಳ ಸಂಘದ ಮೊದಲ ಸದಸ್ಯರಾದರು. ಆ ಗೌರವವನ್ನು ಅವರು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಸಂಘದ ಮೊದಲ ಕಾರ್ಯಕ್ರಮ ದೇವರಾಯಸಮುದ್ರದ ಉಚಿತ ತಪಾಸಣಾ ಶಿಬಿರ. ತಪಾಸಣೆ ಸುತ್ತಮುತ್ತಲ ಕ್ಲಿನಿಕ್ಕುಗಳ ಬಿ.ಪಿ. ಮಷೀನುಗಳಿಗೆ. ಆಟೋದಲ್ಲಿ ಮೈಕ್ ಹಿಡಿದು ಊರೆಲ್ಲ ಸಾರಿದವನು ಆ ಒಂದು ಮಾತನ್ನು ಮಾತ್ರ ನುಂಗಿಬಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಊರಿಗೆ ಊರೇ ಸಾಲಾಗಿ ನಿಂತಿತ್ತು.

"ಇದು ಮನುಷ್ಯರಿಗಲ್ಲಮ್ಮ, ಮಷೀನುಗಳಿಗೆ" ಎಂದು ಅತ್ತೆ ಎಲ್ಲರಿಗಿಂತ ಮುಂದೆ ನಿಂತಿದ್ದ ಅಜ್ಜಿಗೆ ಹೇಳಿದರು.

"ಪಾಪಂ, ಅದಕ್ಕೇನಾಗೈತಮ್ಮ?" ಎಂದಳು ಅಜ್ಜಿ.

ಅತ್ತೆ ಯಾರನ್ನೂ ವಾಪಸು ಕಳಿಸಲಿಲ್ಲ. ಮಷೀನು ಪರೀಕ್ಷಿಸಲು ತೋಳು ಬೇಕಲ್ಲವೇ? ಸರಿಪಡಿಸಿದ್ದನ್ನೆಲ್ಲ ಊರಿನವರ ತೋಳಿಗೇ ಕಟ್ಟಿದರು. ಅಜ್ಜಿಯ ಸರದಿ ಬಂದಾಗ, "ಮಷೀನು ಚೆನ್ನಾಗೈತೆ. ನೀವು ಮಾತ್ರ ಇವತ್ತೇ ಡಾಕ್ಟ್ರ ಹತ್ರ ಹೋಗ್ಬೇಕು" ಎಂದು, ತಾವೇ ಕೈ ಹಿಡಿದು ಕರೆದುಕೊಂಡು ಹೋದರು.

ಇದನ್ನೆಲ್ಲ ನಾನು ನಗುತ್ತಲೇ ನೋಡುತ್ತಿದ್ದೆ, ನನ್ನ ಮಗಳು ಹುಟ್ಟುವವರೆಗೆ.

ಹೋದ ವರ್ಷ ಮುಳಬಾಗಿಲಿನ ಆಸ್ಪತ್ರೆಯೊಂದರಲ್ಲಿ, ತಿಂಗಳು ತುಂಬುವ ಮೊದಲೇ ಅವಳು ಹುಟ್ಟಿದಳು. ಎಳೆಗೂಸನ್ನು ಬೆಚ್ಚಗಿಡುವ ವಾರ್ಮರಿನ ಸೆನ್ಸರು ಅಂದು ಮಧ್ಯಾಹ್ನವೇ ಕೈಕೊಟ್ಟಿತು. ಅಲ್ಲಿದ್ದ ಇನ್ನೊಂದು ವಾರ್ಮರಿನಲ್ಲಿ ಬೇರೆ ಮಗುವಿತ್ತು. ನರ್ಸು ನನ್ನ ಮಗಳನ್ನು ನನ್ನ ಹೆಂಡತಿಯ ಎದೆಗೆ ಒತ್ತಿ ಮಲಗಿಸಿ, ಮೇಲೆ ಹೊದಿಸಿದರು. ಅದೇ ಆಸ್ಪತ್ರೆಯಲ್ಲಿದ್ದ ಸಂಘದ ಕಾರ್ಯದರ್ಶಿ ಉಳಿದವರಿಗೆ ಫೋನು ಮಾಡಿದರು. ಶ್ರೀನಿವಾಸಪುರದ ಖಜಾಂಚಿ ಹೊಸ ಸೆನ್ಸರು ಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ಬಂದರು, ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಕೆಲಸಕ್ಕೆ ನಿಂತರು. ಕೋಲಾರದಿಂದ ಬಂದ ಅತ್ತೆ ನೇರವಾಗಿ ಮಷೀನಿನ ಬಳಿಗೆ ಹೋದರು.

"ಬೇಗ, ಅತ್ತೆ" ಎಂದೆ.

"ಶಾಖ ಒಂದೇ ಸಮ ನಿಲ್ಲೋವರೆಗೂ ಮಗೂನ ಮಲಗಿಸ್ಬಾರ್ದು. ಸುಮ್ನೆ ಕೂತ್ಕೊ."

ಕೂತೆ. ಮೂವರೂ ಬಾಗಿ ಶಾಖ ತೋರಿಸುವ ಪುಟ್ಟ ಪರದೆಯನ್ನೇ ನೋಡುತ್ತಿದ್ದರು. ಕೊನೆಗೆ ಅತ್ತೆ ತಲೆಯಾಡಿಸಿದರು. ನರ್ಸು ಮಗುವನ್ನು ವಾರ್ಮರಿನಲ್ಲಿ ಮಲಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಪಾದ ಮುಟ್ಟಿ ನೋಡಿ, "ಬೆಚ್ಚಗಿದೆ" ಎಂದರು. ಮಾವಿನ ತೋಪಿನಲ್ಲಿ ಊಟ ಮಾಡಿ ಎದ್ದ ಆ ಸಂಘಕ್ಕಿಂತ ದೊಡ್ಡ ಸಂಘ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ನನಗೆ ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಅತ್ತೆ ಹೊರಗೆ ಬಂದು ಬೆಂಚಿನ ಮೇಲೆ ಕೂತರು.

"ಮಗೂನ ಒಂದ್ಸಲನೂ ತಿರುಗಿ ನೋಡ್ಲಿಲ್ವಲ್ಲ, ಅತ್ತೆ" ಎಂದೆ.

"ಆಗ ನೋಡಿದ್ರೆ ಕೈ ನಡುಗ್ತಿತ್ತು ಕಣೋ."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. ಸೋಪು ಹಾಕಿ ಮೊಣಕೈವರೆಗೂ ಕೈ ತೊಳೆದುಕೊಂಡರು.

"ಈಗ ತೋರ್ಸು ಮಗೂನ, ನಮ್ಮ ಬಂಗಾರು ತಲ್ಲೀನ."