ಎಗೊನ್ ಕಟ್ಟದೇ ಇದ್ದ ತಾಳಯಂತ್ರ

"ಮೂವತ್ತು ವರ್ಷ ಈ ಜಗತ್ತು ನನ್ನನ್ನ ಕಾಯಿಸ್ತು. ಇವತ್ತು ಅದೇ ನನ್ನ ಬಾಗಿಲಿಗೆ ಬರ್ತಿದೆ! ನೋಡ್ತಿರು ರೋಸ್ವಿಟಾ, ಇವತ್ತಿನಿಂದ ಕ್ರೇಫೆಲ್ಡ್ ಊರಿನ ಲೆಕ್ಕಾಚಾರವೇ ಬೇರೆ!"

ಗ್ಯಾಸ್ ಮೀಟರ್ ಓದುವ ಕೆಲಸದಿಂದ ನಿವೃತ್ತನಾದ ಎಗೊನ್ ಪ್ಯುಟ್ಸ್ ಶನಿವಾರ ಬೆಳಗಿನ ಕಾಫಿ ಹೊತ್ತಿಗೆ ಹೀಗೆ ಘೋಷಿಸಿದಾಗ, ಅವನ ಹೆಂಡತಿ ಕೇಕಿಗಾಗಿ ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಜಗತ್ತು ಬರೋದು ಮಧ್ಯಾಹ್ನ ಮೂರೂವರೆಗೆ. ಅಷ್ಟರೊಳಗೆ ಗಡ್ಡ ಬೋಳಿಸ್ಕೋ" ಎಂದಳು.

ಜಗತ್ತಿನ ಹೆಸರು ವೊನೆಟ್ಟಾ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕುಣಿತದ ಸಂಗೀತ ಮಾಡುವ ಹೆಂಗಸು. ಅಪ್ಪ ಸೈನ್ಯದಲ್ಲಿದ್ದಾಗ ಕೆಲವು ವರ್ಷ ಇಲ್ಲೇ ಜರ್ಮನಿಯಲ್ಲಿ ಶಾಲೆಗೆ ಹೋದವಳಾದ್ದರಿಂದ ಅವಳಿಗೆ ಭಾಷೆಯೂ ಬರುತ್ತಿತ್ತು. ಎಪ್ಪತ್ಮೂರನೇ ಇಸವಿಯಲ್ಲಿ ಎಗೊನ್ ಮತ್ತು ಅವನ ಗೆಳೆಯ ಲುಡ್ಗರ್ ಪಾಳುಬಿದ್ದ ಲಾಂಡ್ರಿಯೊಂದರಲ್ಲಿ ಕೂತು ಒಂದು ರೆಕಾರ್ಡು ಮಾಡಿದ್ದರು. ಎಗೊನ್ ವಿದ್ಯುತ್ ಆರ್ಗನ್ನಿಗೆ ತಾನೇ ಬೆಸೆದ ತಂತಿಗಳನ್ನೆಲ್ಲ ಸಿಕ್ಕಿಸಿ ಗುಂಯ್ ಎನಿಸಿದ್ದ. ಲುಡ್ಗರ್ ಡ್ರಮ್ ಬಾರಿಸಿದ್ದ. ಹಾಡಿಲ್ಲ, ಮಾತಿಲ್ಲ, ಮುಗಿಯುವ ಲಕ್ಷಣವೂ ಇಲ್ಲ! ಊರಿನವರು ಅದನ್ನು ಕೇಳಿ ಫ್ರಿಜ್ ರಿಪೇರಿಯವನ ವಿಳಾಸ ಕೊಟ್ಟಿದ್ದರು. ಅದೇ ಸಂಗೀತ ಹೇಗೋ ಸಮುದ್ರ ದಾಟಿ, ಟೇಪಿನಿಂದ ಟೇಪಿಗೆ ನಕಲಾಗುತ್ತ, ಡೆಟ್ರಾಯಿಟ್‌ನ ಹುಡುಗ ಹುಡುಗಿಯರ ಕಾಲಿಗೆ ಸಿಕ್ಕಿತ್ತು. ಈಗ ವೊನೆಟ್ಟಾ ಅದನ್ನು ಅಲ್ಲಿ ಹೊಸದಾಗಿ ಅಚ್ಚು ಹಾಕಿಸುವವಳಿದ್ದಳು. ಹಳೆಯ ಕವರಿನ ಫೋಟೋ ಒಂದರಲ್ಲಿ ಎಗೊನ್‌ನ ಹೆಸರು ಕಂಡು ಕಾಗದ ಬರೆದಿದ್ದಳು: "ಆ ತಾಳ ಬಾರಿಸಿದ್ದು ಯಾರು? ಹದಿನೆಂಟು ನಿಮಿಷ ಕೂದಲೆಳೆಯಷ್ಟೂ ಆಚೀಚೆ ಆಗಲ್ವಲ್ಲ!"

ಎಗೊನ್ ಒಂದು ವಾರ ಯೋಚಿಸಿ ಉತ್ತರ ಬರೆದಿದ್ದ: "ಯಾರೂ ಅಲ್ಲ. ಅದು ನಾನೇ ಕಟ್ಟಿದ ಯಂತ್ರ."

ಬರೆದು ಅಂಚೆಗೆ ಹಾಕಿದ ದಿನ ಊಟ ಸೇರಿರಲಿಲ್ಲ. ಮರುಟಪಾಲಿನಲ್ಲಿ ಅವಳ ಉತ್ತರ ಬಂದಾಗ ನಿದ್ದೆಯೂ ಹೋಯಿತು. "ಆ ಯಂತ್ರ ನೋಡಲು ನಾನೇ ಬರುತ್ತಿದ್ದೇನೆ. ಮೂಲ ರೆಕಾರ್ಡನ್ನೂ ಒಮ್ಮೆ ಕೇಳಬೇಕು."

"ಯಂತ್ರ ತುಕ್ಕು ಹಿಡಿದು ಗುಜರಿಗೆ ಹೋಯ್ತು ಅಂತೀನಿ. ರೆಕಾರ್ಡು ಹಾಕಿಬಿಟ್ರೆ ಎಲ್ಲಾ ಮರೆತುಬಿಡ್ತಾಳೆ" ಎಂದು ಅವನು ಹೆಂಡತಿಗೆ ಧೈರ್ಯ ಹೇಳಿದ್ದ. ರೋಸ್ವಿಟಾ ಏನೂ ಹೇಳಿರಲಿಲ್ಲ. ಮದುವೆಯಾದಾಗಿನಿಂದ ಅವಳು ಸುಮ್ಮನಿದ್ದಾಗಲೆಲ್ಲ ಎಗೊನ್‌ಗೆ ನಷ್ಟವೇ ಆಗಿತ್ತು.

ಒಂದು ಗಂಟೆಗೆ, ಗಡ್ಡ ಬೋಳಿಸಿ, ಮೀಸೆ ತಿದ್ದಿ, ಎಗೊನ್ ರೆಕಾರ್ಡು ತರಲು ನೆಲಮಾಳಿಗೆಗೆ ಇಳಿದ. ಮಾರಾಟವಾಗದೆ ಉಳಿದ ರೆಕಾರ್ಡುಗಳ ಪೆಟ್ಟಿಗೆ ಅಲ್ಲೇ ಇತ್ತು. ಒಳಗೆ ಸೌತೆಕಾಯಿ ಉಪ್ಪಿನಕಾಯಿ ಬಾಟಲಿಗಳು! ಎಗೊನ್ ಮೆಟ್ಟಿಲು ಹತ್ತಿ ಮನೆಗೆ ಓಡಿಬಂದ.

"ರೋಸ್ವಿಟಾ! ನನ್ನ ರೆಕಾರ್ಡುಗಳೆಲ್ಲಿ?"

"ಅವಾ? ಬಟ್ಟಲು ಮಾಡಿದ್ವಲ್ಲ!" ಅಡುಗೆಮನೆಯಿಂದ ಉತ್ತರ ಬಂತು.

"ಬಟ್ಟಲು ಅಂದ್ರೆ?"

"ಬಟ್ಟಲು ಅಂದ್ರೆ ಬಟ್ಟಲು, ಮಾರಾಯ. ಕ್ರಿಸ್ಮಸ್ ಮುಂಚೆ ಚರ್ಚಿನ ಹೆಂಗಸರ ಸಂತೆ ಇರುತ್ತಲ್ಲ, ಅದಕ್ಕೆ. ಹೂಕುಂಡ ಬೋರಲು ಹಾಕಿ, ಮೇಲೆ ರೆಕಾರ್ಡಿಟ್ಟು, ಬಿಸಿ ಓವನ್ನಿನಲ್ಲಿ ಹತ್ತು ನಿಮಿಷ ಇಟ್ರೆ ಅಂಚು ನೆರಿಗೆ ನೆರಿಗೆಯಾಗಿ ಇಳಿಯುತ್ತೆ. ಎಷ್ಟು ಚೆನ್ನಾಗಿತ್ತು! ಒಂದೂ ಉಳೀಲಿಲ್ಲ."

"ಯಾರನ್ನ ಕೇಳಿ ಮಾಡ್ದೆ?"

"ನಿನ್ನನ್ನೇ. 'ತಗೊಂಡು ಹೋಗು, ಈ ಊರಿಗೆ ಅದನ್ನ ಕೇಳೋ ಯೋಗ್ಯತೆ ಇಲ್ಲ' ಅಂದೆ. ಪೆಟ್ಟಿಗೇನ ಮೇಲಕ್ಕೆ ಹೊತ್ತು ತಂದವನೂ ನೀನೇ."

ಎಗೊನ್‌ಗೆ ನೆನಪಾಯಿತು. ಅವನ ಸಂಗೀತಕ್ಕೆ ಕೊನೆಗೂ ಮನೆಮನೆಯಲ್ಲಿ ಸ್ಥಾನ ಸಿಕ್ಕಿತ್ತು, ಅಕ್ರೋಟು ತುಂಬಿಡಲು.

ಆಗ ಮಧ್ಯಾಹ್ನದ ವಿಶ್ರಾಂತಿಯ ಹೊತ್ತು. ಒಂದರಿಂದ ಮೂರರವರೆಗೆ ಆ ಬೀದಿಯಲ್ಲಿ ಹುಲ್ಲು ಕತ್ತರಿಸುವವರಿಲ್ಲ, ಮೊಳೆ ಹೊಡೆಯುವವರಿಲ್ಲ. ಇನ್ನೊಬ್ಬರ ಮನೆ ಗಂಟೆ ಒತ್ತುವವನನ್ನು ಸತ್ತ ಮೇಲೂ ಕ್ಷಮಿಸುವವರಿಲ್ಲ. ಎಗೊನ್ ಎದುರುಮನೆಯ ಗಂಟೆ ಒತ್ತಿದ!

ಯುಟ್ಟಾ ಎಂಬ ಆ ಮನೆಯೊಡತಿ ಕೂದಲಿಗೆ ಸುರುಳಿ ಸಿಕ್ಕಿಸಿಕೊಂಡೇ ಬಾಗಿಲು ತೆರೆದಳು. "ಬೆಂಕಿ ಬಿತ್ತಾ?"

"ಇಲ್ಲ. ನೀವು ಸಂತೆಯಲ್ಲಿ ಕೊಂಡ ಕಪ್ಪು ಬಟ್ಟಲು ಬೇಕಿತ್ತು."

"ಈ ಹೊತ್ತಲ್ಲಿ ಗಂಟೆ ಒತ್ತಿ ಬಟ್ಟಲು ಕೇಳ್ತೀರಲ್ಲ, ನಿಮ್ಮನೇಲಿ ಪಾತ್ರೆಗಳಿಗೆ ಅಂಥ ಬರ ಬಂತಾ?"

"ಅದು ಬಟ್ಟಲಲ್ಲ ಯುಟ್ಟಾ ಅವರೇ, ನನ್ನ ಮಹಾಕೃತಿ!"

ಯುಟ್ಟಾ ಮಹಾಕೃತಿಯೊಳಗಿದ್ದ ಬೀಗದ ಕೈ, ಹೇರ್‌ಪಿನ್ನು, ಕೆಮ್ಮಿನ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು, ಅದನ್ನು ಅವನ ಕೈಗಿತ್ತು, ಬಾಗಿಲು ಹಾಕಿದಳು. ಬೀದಿಯ ಅಷ್ಟೂ ಕಿಟಕಿಗಳ ಪರದೆಗಳು ಒಂದೊಂದು ಬೆರಳು ಸರಿದವು.

ಬಿಸಿಯಲ್ಲಿ ಬಾಗಿದ್ದು ಬಿಸಿಯಲ್ಲೇ ನೆಟ್ಟಗಾಗಲೇಬೇಕು ಎಂಬುದು ಎಗೊನ್‌ನ ವಿಜ್ಞಾನ. ಓವನ್ನಿನ ಕೆಳಗಿನ ಅಂತಸ್ತಿನಲ್ಲಿ ಪ್ಲಮ್ ಕೇಕು ಬೇಯುತ್ತಿತ್ತು. ಎಗೊನ್ ಬಟ್ಟಲನ್ನು ಮೇಲಿನ ತಂತಿ ತಟ್ಟೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಕಬ್ಬಿಣದ ಬಾಣಲೆ ಹೇರಿ, ಟೈ ಕಟ್ಟಿಕೊಳ್ಳಲು ಹೋದ. ಟೈ ಮೂರನೇ ಸಲವೂ ಸೊಟ್ಟಗಾಗುವಷ್ಟರಲ್ಲಿ ಮನೆಯೆಲ್ಲ ಹೊಗೆ. ಓಡಿ ಬಂದು ಓವನ್ ತೆರೆದರೆ, ಬದುಕಿಡೀ ಯಾರ ಕಿವಿಗೂ ಇಳಿಯದ ಆ ಸಂಗೀತ ಕಪ್ಪಗೆ ಕರಗಿ ಕೇಕಿನೊಳಗೆ ಇಳಿದುಬಿಟ್ಟಿತ್ತು!

"ನನ್ನ ಕೇಕು!" ಎಂದಳು ರೋಸ್ವಿಟಾ.

"ನನ್ನ ರೆಕಾರ್ಡು!" ಎಂದ ಎಗೊನ್.

ರೋಸ್ವಿಟಾ ಕಿಟಕಿಗಳನ್ನೆಲ್ಲ ತೆರೆದು, ಕೈ ಒರೆಸಿಕೊಂಡು, ಅವನ ಎದುರು ಕುರ್ಚಿ ಎಳೆದು ಕೂತಳು. "ಚಪ್ಪಟೆಯಾಗಿರೋ ರೆಕಾರ್ಡು ಇನ್ನೊಂದೇ ಒಂದು ಇದೆ. ಎಲ್ಲಿದೆ ಅಂತ ನಿನಗೂ ಗೊತ್ತು."

"ಲುಡ್ಗರ್ ಮನೆಗೆ ನಾನು ಹೋಗಲ್ಲ."

"ಅವನ ಹೆಂಡ್ತಿ ಮಣ್ಣಿಗೂ ನೀನು ಹೋಗ್ಲಿಲ್ಲ ಎಗೊನ್. ನಾನೊಬ್ಬಳೇ ಹೂ ತಗೊಂಡು ಹೋದೆ. ಕಾರ್ಡಿನ ಮೇಲೆ ನಿನ್ನ ಹೆಸರೂ ನಾನೇ ಬರೆದೆ."

ಎಗೊನ್‌ಗೆ ಇದು ಗೊತ್ತಿರಲಿಲ್ಲ. ಅವನು ಕಟ್ಟಿದ ಟೈ ಬಿಚ್ಚಿದ.

ಆಗಿದ್ದು ಇಷ್ಟೇ. ಲುಡ್ಗರ್ ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಒತ್ತುಯಂತ್ರದ ಪಕ್ಕ ದಿನಕ್ಕೆ ಎಂಟು ಗಂಟೆ ನಿಲ್ಲುವವನು. ತಾಳ ಅವನ ಮೈಗೆ ಹತ್ತಿದ್ದು ಅಲ್ಲಿ. ಶನಿವಾರ ಮಾತ್ರ ಅವನು ಬಿಳಿ ಕೋಟು ತೊಟ್ಟು, ಮದುವೆಮನೆಗಳಲ್ಲಿ ಬೆಳದಿಂಗಳು, ಕಡಲತೀರ, ಕೆಂಪು ತುಟಿಗಳ ಹಾಡಿಗೆ ಡ್ರಮ್ ಬಾರಿಸುತ್ತಿದ್ದ. ಮುದುಕಿಯರೆಲ್ಲ ಎದ್ದು ಕುಣಿಯುತ್ತಿದ್ದರು. ಎಗೊನ್‌ಗೆ ಅದು ಕಲೆಗೆ ಬಗೆದ ದ್ರೋಹ! "ಸಕ್ಕರೆ ನೀರು ಮಾರೋನ ಹೆಸರು ನನ್ನ ರೆಕಾರ್ಡಿನ ಮೇಲಿರಲ್ಲ" ಎಂದುಕೊಂಡವನೇ ಕವರಿನ ಮೇಲೆ ತನ್ನದೊಂದೇ ಹೆಸರು ಅಚ್ಚು ಹಾಕಿಸಿದ. ರೆಕಾರ್ಡು ಬಂದ ದಿನ ಲುಡ್ಗರ್ ಕವರನ್ನು ತಿರುಗಿಸಿ ನೋಡಿದ, ಮತ್ತೊಮ್ಮೆ ತಿರುಗಿಸಿ ನೋಡಿದ. ಒಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಅವತ್ತಿನಿಂದ ಎರಡೇ ಬೀದಿ ದೂರದಲ್ಲಿದ್ದ ಇಬ್ಬರೂ ಎದುರಾಗಿರಲಿಲ್ಲ. ಲುಡ್ಗರ್ ಬೇಕರಿಗೆ ಏಳಕ್ಕೆ ಹೋಗುತ್ತಿದ್ದ, ಎಗೊನ್ ಎಂಟಕ್ಕೆ. ಆ ದಿನವೇ ಎಗೊನ್ ಅವನ ಹಿಂದೆ ಓಡಿಹೋಗಿ ಒಂದು ಮಾತು ಆಡಬಹುದಿತ್ತು. ಮರುದಿನ ಹೋಗಬಹುದಿತ್ತು. ಹೋಗಲಿಲ್ಲ. ದಿನ ಕಳೆದಷ್ಟೂ ಆ ಎರಡು ಬೀದಿ ಉದ್ದವಾಗುತ್ತ ಹೋಯಿತು.

ಇವತ್ತು ಎಗೊನ್ ಆ ಎರಡು ಬೀದಿ ದಾಟಿ ಗಂಟೆ ಒತ್ತಿದ. ಲುಡ್ಗರ್ ಕೋಲೂರಿಕೊಂಡು ಬಾಗಿಲು ತೆರೆದ. "ನಮಸ್ಕಾರ, ಪ್ಯುಟ್ಸ್ ಅವರೇ. ತಮಗೆ ಏನು ಬೇಕಾಗಿತ್ತು?"

ತಮಗೆ! 'ಲೋ ಕತ್ತೆ' ಎಂದು ಕರೆಯುತ್ತಿದ್ದವನ ಬಾಯಲ್ಲಿ ಈ ಮರ್ಯಾದೆ ಕೇಳಿ ಎಗೊನ್‌ನ ಕಿವಿ ಸುಟ್ಟಿತು. ಬೈದಿದ್ದರೆ ಚೆನ್ನಾಗಿತ್ತು. ರೆಕಾರ್ಡು ಮಾತ್ರ ಕೇಳಿಕೊಂಡು ಬರಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತುಹೋಗಿ, ಬೇರೆಯೇ ಮಾತು ಹೊರಬಿತ್ತು.

"ಅಮೆರಿಕದಿಂದ ಒಬ್ಬಳು ಬರ್ತಿದಾಳೆ. ಆ ತಾಳ ಬಾರಿಸಿದ್ದು ಯಂತ್ರ ಅಂತ ನಾನು ಅವಳಿಗೆ ಸುಳ್ಳು ಬರೆದೆ. ಈ ವಯಸ್ಸಲ್ಲೂ ನಿನ್ನ ಹೆಸರು ಬರೆಯೋಕೆ ಕೈ ಬರ್ಲಿಲ್ಲ. ನನ್ನದು ತಪ್ಪಾಯ್ತು ಲುಡ್ಗರ್. ಆವತ್ತೂ ತಪ್ಪಾಯ್ತು, ಇವತ್ತೂ ತಪ್ಪಾಯ್ತು."

ಲುಡ್ಗರ್ ಅವನ ಚಪ್ಪಲಿಗಳನ್ನೇ ನೋಡಿದ. ಗಡಿಬಿಡಿಯಲ್ಲಿ ಎಗೊನ್ ಮನೆಯೊಳಗಿನ ಉಣ್ಣೆ ಚಪ್ಪಲಿಯಲ್ಲೇ ಬಂದಿದ್ದ.

"ಯಂತ್ರ ನೋಡೋಕೆ ಬರ್ತಿದಾಳಾ?"

"ಹೌದು."

"ಯಂತ್ರಕ್ಕೆ ಈಗ ಎರಡು ಮಂಡಿನೂ ನೋವು. ನಿಮ್ಮದು ಈಗಲೂ ಎರಡನೇ ಮಹಡೀನೇ ತಾನೆ?" ಎಂದ ಲುಡ್ಗರ್. ಒಳಗೆ ಹೋಗಿ ರೆಕಾರ್ಡು ತಂದ.

ಮೆಟ್ಟಿಲು ಹತ್ತುವಾಗ ಅವನು ಎಗೊನ್‌ನ ಭುಜ ಹಿಡಿದ. ಎಗೊನ್ ಬೇಕೆಂದೇ ನಿಧಾನವಾಗಿ ಹತ್ತಿದ.

ಮೇಲೆ, ಆಗಲೇ ಬಂದಿದ್ದ ವೊನೆಟ್ಟಾ ಅತಿಥಿಗಳ ಚಪ್ಪಲಿ ತೊಟ್ಟು, ಹೊಗೆ ವಾಸನೆಯ ನಡುವೆ ಬ್ರೆಡ್ಡು ಜಾಮ್ ತಿನ್ನುತ್ತಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು, ದೊಡ್ಡ ನಗು. "ಎಲ್ಲಿ ಯಂತ್ರ?" ಎಂದಳು.

"ಇದೇ" ಎಂದ ಎಗೊನ್. "ಹೆಸರು ಲುಡ್ಗರ್ ವೆಸೆಲ್ಸ್. ನಾನು ಬರೆದದ್ದು ಸುಳ್ಳು. ಬಾರಿಸಿದ್ದು ಇವನೇ, ಎರಡೇ ಕೈಯಲ್ಲಿ."

ವೊನೆಟ್ಟಾ ಬ್ರೆಡ್ಡು ಕೆಳಗಿಟ್ಟಳು. ಎದ್ದು ಬಂದು ಲುಡ್ಗರ್‌ನ ಅಂಗೈಗಳನ್ನು ತಿರುಗಿಸಿ ನೋಡಿದಳು. "ನಮ್ಮೂರಲ್ಲಿ ನನ್ನ ಮದುವೆ ದಿನ ಇದಕ್ಕೇ ಕುಣಿದ್ವಿ. ನಮ್ಮಜ್ಜಿ ಕೂಡ ಎದ್ದಿದ್ಳು!"

"ಮದುವೇಲಾ?" ಎಂದ ಲುಡ್ಗರ್. ಮತ್ತೆ ಕೇಳಿದ, "ಮದುವೇಲೇ?"

ಎಗೊನ್‌ಗೆ ನೆಲ ನೋಡುವುದೇ ವಾಸಿ ಎನಿಸಿತು.

ರೆಕಾರ್ಡು ತಿರುಗಿತು. ಲುಡ್ಗರ್‌ನ ಬೆರಳುಗಳು ಕೋಲಿನ ಹಿಡಿಯ ಮೇಲೆ ಆಡತೊಡಗಿದವು. ವೊನೆಟ್ಟಾ ಪುಸ್ತಕ ತೆರೆದು, ಹೊಸ ಕವರಿಗಾಗಿ ಅವನ ಹೆಸರನ್ನು ಅಕ್ಷರ ಅಕ್ಷರ ಕೇಳಿ ಬರೆದುಕೊಂಡಳು. ಆಮೇಲೆ ಎಗೊನ್‌ನ ಕಡೆ ತಿರುಗಿದಳು.

"ಹಾಗಾದ್ರೆ ನೀವು ಏನು ಬಾರಿಸಿದ್ರಿ?"

ಎಗೊನ್ ಕೆಮ್ಮಿ ಗಂಟಲು ಸರಿ ಮಾಡಿಕೊಂಡ. "ಹಿಂದೆ ಗುಂಯ್ ಅಂತಿದೆಯಲ್ಲ, ಅದು."

"ಅಯ್ಯೋ ದೇವರೇ! ಅದು ನೀವಾ? ನಕಲಿನ ಮೇಲೆ ನಕಲು ಮಾಡಿ ಟೇಪಿಗೆ ಸೇರಿಕೊಂಡಿರೋ ಕರೆಂಟಿನ ಶಬ್ದ ಅಂದ್ಕೊಂಡು, ಹೊಸ ಅಚ್ಚಿನಲ್ಲಿ ನಾವು ಪೂರ್ತಿ ತೆಗೆದುಬಿಟ್ಟಿದೀವಿ!"

ರೋಸ್ವಿಟಾ ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ಎಗೊನ್ ಲುಡ್ಗರ್‌ನ ನಗುವಿಗಾಗಿ ಕಾದ. ಮೂವತ್ತು ವರ್ಷಕ್ಕೆ ಸಿಕ್ಕ ಅವಕಾಶ, ನಗಲಿ, ನಕ್ಕರೆ ತನಗೂ ಹಗುರಾದೀತು ಎಂದುಕೊಂಡ.

ಲುಡ್ಗರ್ ನಗಲಿಲ್ಲ. "ತೆಗೀಬೇಡಿ ಅಮ್ಮಾ" ಎಂದ. "ಅದನ್ನ ಕೇಳ್ಕೊಂಡೇ ನಾನು ತಾಳ ತಪ್ಪದೆ ಇದ್ದದ್ದು. ಅದನ್ನ ವಾಪಸ್ ಹಾಕಿ. ಇವನ ಹೆಸರೂ ಹಾಕಿ, ಮರೀಬೇಡಿ."

ಎಗೊನ್ ಎದ್ದ. "ಹಾಲು ತರ್ತೀನಿ" ಎಂದು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡ.

"ಎಗೊನ್, ಹಾಲು ಇಲ್ಲೇ ಮೇಜಿನ ಮೇಲಿದೆ!" ರೋಸ್ವಿಟಾ ಕೂಗಿದಳು.

"ಗೊತ್ತು ಕಣೇ" ಎಂದಿತು ಒಳಗಿನಿಂದ ಮೂಗು ಕಟ್ಟಿದ ಧ್ವನಿ.