ಮಿತಿಕಾರಕದ ಅಮಾನತು

ಸೋಪು ಕಾರ್ಖಾನೆಯಲ್ಲಿ ಸೋಪು ತಯಾರಿಸುವುದನ್ನು ಯಾವ ನಿಯಮವೂ ನಿಷೇಧಿಸುವುದಿಲ್ಲ. ಆದಕಾರಣ ಆ ಸರ್ಕಾರಿ ಕಾರ್ಖಾನೆಯಲ್ಲಿ ಬಹಳ ಕಾಲ ಸೋಪು ತಯಾರಾಗುತ್ತಿತ್ತು. ಯಾರೂ ಆಕ್ಷೇಪ ಎತ್ತಿರಲಿಲ್ಲ.

ಎಡವಟ್ಟಾದದ್ದು ಕೆಮಿಸ್ಟಮ್ಮ ಬರೆದ ಒಂದು ವರದಿಯಿಂದ. ಕೆಮಿಸ್ಟಮ್ಮ ಅಂದರೆ ವಯಸ್ಸಾದವಳೇನಲ್ಲ, ಇನ್ನೂ ಖಾಯಂ ಆಗದ ಹುಡುಗಿ. ಖಾಯಂ ಆದರೆ ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸು ಅವಳಿಗೇ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಬೇಕು. ಅವಳ ಅಮ್ಮನಿಗೋ ಆ ಮನೆ ಅಂದರೆ ಪ್ರಾಣ. ಒಳಗೇ ನಲ್ಲಿ, ನಲ್ಲಿಯಲ್ಲಿ ನಿಜವಾಗಿ ನೀರು! ಹಳೇ ಮನೆಯಲ್ಲಿ ಕೊಡ ಹೊತ್ತು ಮಹಡಿ ಹತ್ತಿ ಹತ್ತಿ ಮೊಣಕಾಲು ಸವೆಸಿಕೊಂಡ ಜೀವ ಅದು. ನಲ್ಲಿ ತಿರುಗಿಸುವಾಗಲೆಲ್ಲ ಆಕೆಯ ಮುಖ ಅರಳುತ್ತಿತ್ತು.

ವರದಿಯಲ್ಲಿದ್ದದ್ದು ಇಷ್ಟೇ: “ಎಣ್ಣೆ ನೂರೈವತ್ತು ಸೋಪಿಗೆ ಸಾಲುವಷ್ಟಿತ್ತು, ಕಾಸ್ಟಿಕ್ ಸೋಡಾ ನೂರಕ್ಕೆ ಮಾತ್ರ. ಆದ್ದರಿಂದ ಸೋಡಾವೇ ಮಿತಿಕಾರಕ. ನೂರು ಸೋಪು ಆಗಬೇಕಿತ್ತು, ತೊಂಬತ್ತು ಆಗಿವೆ. ಇಳುವರಿ ನೂರಕ್ಕೆ ತೊಂಬತ್ತು.”

ಓದಿದ ನಿರ್ದೇಶಕರು ಹೌಹಾರಿದರು. ಆಡಳಿತದಲ್ಲೇ ತಲೆ ನರೆತವರು. ಹಾನಿಕಾರಕ ಗೊತ್ತು, ಅಪಾಯಕಾರಕ ಗೊತ್ತು. ಅದೇ ವಂಶದ ಇನ್ನೊಂದು ಕುಡಿ ತಮ್ಮ ಕಾರ್ಖಾನೆಯೊಳಗೇ ಬಿಡಾರ ಹೂಡಿದೆಯೆಂದು ಯಾರೂ ಹೇಳಿರಲಿಲ್ಲ.

“ಇದು ಯಾವಾಗಿಂದ ನಡೀತಿದೆಯಮ್ಮಾ?”

“ಯಾವಾಗ್ಲೂ ಇರುತ್ತೆ ಸಾರ್. ಯಾವುದು ಮೊದಲು ಮುಗಿದುಹೋಗುತ್ತೋ ಅದೇ ಮಿತಿಕಾರಕ. ಈಗ ಸೈಕಲ್ ಜೋಡಿಸ್ತೀವಿ ಅನ್ಕೊಳ್ಳಿ. ಫ್ರೇಮು ಹತ್ತಿದೆ, ಚಕ್ರ ಹದಿನಾರೇ ಇದೆ. ಎಷ್ಟು ಸೈಕಲ್ ಆಗುತ್ತೆ?”

“ಎಂಟು.”

“ಸರಿಯಾಗಿ ಹೇಳಿದ್ರಿ. ಎರಡು ಫ್ರೇಮು ಸುಮ್ನೆ ಬಿದ್ದಿರುತ್ತೆ.”

“ಅಂದ್ರೆ ಚಕ್ರದ್ದೇ ಕಿತಾಪತಿ!”

“ಕಿತಾಪತಿ ಅಲ್ಲ ಸಾರ್, ಕಮ್ಮಿ. ಇನ್ನಷ್ಟು ಸೋಡಾ ತರಿಸಿದ್ರೆ ಆಯ್ತು.”

“ಚೆನ್ನಾಗಿದೆ ಕಣಮ್ಮ! ತಪ್ಪು ಮಾಡಿದವನ ಅಣ್ಣತಮ್ಮಂದಿರನ್ನೂ ಕರೆಸಿ ಮಣೆ ಹಾಕಬೇಕಾ?”

ಇಲ್ಲೊಂದು ಮಾತು ಹೇಳಿಬಿಡಬೇಕು. ಎಣ್ಣೆ ಪೂರೈಸುವವರು ನಿರ್ದೇಶಕರ ಭಾವಮೈದುನ, ಹಾಗಾಗಿ ಎಣ್ಣೆ ಧಾರಾಳವಾಗಿ ಬರುತ್ತಿತ್ತು. ಸೋಡಾ ಪೂರೈಸುವವರಿಗೆ, ಪಾಪ, ಅಕ್ಕತಂಗಿಯರು ಇರಲಿಲ್ಲ.

ಸಂಜೆಯೊಳಗೆ ಸುತ್ತೋಲೆ ಹೊರಬಿತ್ತು: “ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಹಾನಿಕಾರಕ, ಅಪಾಯಕಾರಕ ಹಾಗೂ ಮಿತಿಕಾರಕ ವಸ್ತುಗಳನ್ನು ಆವರಣದೊಳಗೆ ಇರಿಸಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಸದರಿ ಸೋಡಾವನ್ನು ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡತಕ್ಕದ್ದು. ಕೆಲಸ ಮುಗಿದ ಮೇಲೂ ಸ್ಥಳ ಬಿಟ್ಟು ಕದಲದೆ ಉಳಿದ ಎಣ್ಣೆಯ ಸೇವಾನಿಷ್ಠೆಯನ್ನು ಶ್ಲಾಘಿಸಲಾಗಿದೆ.”

ಮರುದಿನಕ್ಕೆಂದು ಬಂದಿಳಿದಿದ್ದ ಸೋಡಾದ ಮೂಟೆಗಳನ್ನು ಗೇಟಿನಾಚೆ ಸಾಗಿಸಿ ಟಾರ್ಪಾಲು ಹೊದಿಸಿದರು. ಅಮಾನತಾದವರಿಗೆ ಜೀವನಾಧಾರ ಭತ್ಯೆ ಕೊಡಬೇಕೆಂಬ ನಿಯಮವನ್ನು ಸ್ಟೋರ್‌ಕೀಪರ್ ನೆನಪಿಸಿದರು. ಸೋಡಾಕ್ಕೆ ಸಹಿ ಮಾಡಲು ಬಾರದ ಕಾರಣ, ಅದರ ಪರವಾಗಿ ಭತ್ಯೆ ಪಡೆಯುವ ತಾಪತ್ರಯವನ್ನೂ ತಾವೇ ಮೈಮೇಲೆ ಎಳೆದುಕೊಂಡರು. ಒಳ್ಳೆಯ ಮನುಷ್ಯ.

ಮರುದಿನ ದೊಡ್ಡ ಕಡಾಯಿಗೆ ಬರೀ ಎಣ್ಣೆ ಸುರಿದರು. ಎಣ್ಣೆ ಕಾಯಿತು, ಹೊಗೆಯಾಡಿತು, ಸಂಜೆಗೆ ತಣ್ಣಗಾಯಿತು. ಎಣ್ಣೆಯಾಗಿ ಹೋದದ್ದು ಎಣ್ಣೆಯಾಗಿಯೇ ಬಂತು. ಕೆಮಿಸ್ಟಮ್ಮ ಇದ್ದದ್ದನ್ನು ಇದ್ದ ಹಾಗೇ ಬರೆದಳು: ಸೋಡಾ ಸೊನ್ನೆ, ಸೋಪು ಸೊನ್ನೆ, ಮಿತಿಕಾರಕ ಸೋಡಾ.

“ಗೇಟಿನಾಚೆ ಕೂತ್ಕೊಂಡೂ ಕಾಟ ಕೊಡ್ತಿದೆಯಲ್ಲಾ ಇದು!” ಎಂದು ನಿರ್ದೇಶಕರು ಕಿಟಕಿಯತ್ತ ನೋಡಿ ಹಲ್ಲು ಕಡಿದರು. ಆಮೇಲೆ ಏನೋ ಹೊಳೆಯಿತು. “ಇರಲಿ. ಇವತ್ತು ಆಗಬೇಕಾದ್ದು ಎಷ್ಟು?”

“ಸೋಡಾನೇ ಇಲ್ಲವಲ್ಲ ಸಾರ್, ಸೊನ್ನೆ.”

“ಆದದ್ದು?”

“ಅದೂ ಸೊನ್ನೆ.”

ನಿರ್ದೇಶಕರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. “ಮೊನ್ನೆ ನೂರಕ್ಕೆ ಹತ್ತು ಖೋತಾ. ಇವತ್ತು ಒಂದು ಚೂರೂ ಖೋತಾ ಇಲ್ಲ! ಎಷ್ಟು ಆಗಬೇಕಿತ್ತೋ ಅಷ್ಟೂ ಆಗಿದೆ. ಇಳುವರಿ ನೂರಕ್ಕೆ ನೂರು ಅಂತ ಬರೀರಿ.”

“ಸೊನ್ನೆಯಿಂದ ಸೊನ್ನೆನ ಭಾಗಿಸೋಕಾಗಲ್ಲ ಸಾರ್. ಆ ಲೆಕ್ಕಕ್ಕೆ ಉತ್ತರಾನೇ ಇಲ್ಲ. ಹೇಗೆ ಬರೀಲಿ?”

ನಿರ್ದೇಶಕರು ಸಿಟ್ಟಾಗಲಿಲ್ಲ. ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಅಂದರು: “ನೋಡಮ್ಮ, ಎಣ್ಣೆ ಸಿದ್ಧ. ನಾನು ಸಿದ್ಧ. ನೂರಕ್ಕೆ ನೂರೂ ಸಿದ್ಧ. ನಿಂತಿರೋದು ನಿಮ್ಮ ಸಹಿ ಒಂದರಿಂದ. ಹಾಗಾದ್ರೆ ಈ ಕೋಣೇಲಿ ಈಗ ಮಿತಿಕಾರಕ ಯಾರು? ನೀವೇ ಲೆಕ್ಕ ಹಾಕಿ.”

ಅವಳು ಕಿಟಕಿಯಾಚೆ ನೋಡಿದಳು. ಟಾರ್ಪಾಲಿನ ಕೆಳಗೆ ಇನ್ನೊಬ್ಬರಿಗೆ ಜಾಗ ಧಾರಾಳವಾಗಿತ್ತು. ಅಮ್ಮ, ನಲ್ಲಿ, ಹಳೇ ಮನೆಯ ಮೆಟ್ಟಿಲು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಸಹಿ ಹಾಕಿದಳು.

ಅತ್ಯುತ್ತಮ ಇಳುವರಿಗಾಗಿ ಕಾರ್ಖಾನೆಗೆ ಫಲಕ ಬಂತು. ಅಧ್ಯಯನಕ್ಕೆ ಬಂದಿದ್ದ ಬಿಸ್ಕತ್ತು ಕಾರ್ಖಾನೆಯವರು ತಲೆದೂಗಿ, ವಾಪಸು ಹೋದವರೇ ಹಿಟ್ಟನ್ನು ಹೊರಹಾಕಿದರು. ಕೆಮಿಸ್ಟಮ್ಮ ಖಾಯಂ ಆದಳು. ಸಿಬ್ಬಂದಿಗೆಲ್ಲ ಬಹುಮಾನವಾಗಿ ತಲಾ ಒಂದು ಡಬ್ಬ ಎಣ್ಣೆ ಹಂಚಿದರು.

ಆ ಡಬ್ಬ ಒಡೆದು ಸುರಿಯುವಾಗ ಅಮ್ಮನ ಮೊಣಕೈವರೆಗೂ ಎಣ್ಣೆಯಾಯಿತು. “ಸೋಪು ಎಲ್ಲಿಟ್ಟಿದ್ದೀಯೇ?”

“ಇಲ್ಲಮ್ಮ.”

“ಸೋಪು ಕಾರ್ಖಾನೇಲಿ ಇದ್ಕೊಂಡು ಸೋಪು ಇಲ್ವಾ?”

“ನೂರಕ್ಕೆ ನೂರು ಇಳುವರಿ ಬಂದಿದೆ ಅಮ್ಮ. ಅದಕ್ಕೇ ಖಾಯಂ ಆಗಿದ್ದು.”

ಅಮ್ಮ ಮಗಳ ಮುಖವನ್ನೊಮ್ಮೆ, ನಲ್ಲಿಯನ್ನೊಮ್ಮೆ ನೋಡಿದಳು. ಧಾರಾಳವಾಗಿ ನೀರು ಬಿಟ್ಟುಕೊಂಡು ತುಂಬಾ ಹೊತ್ತು ಉಜ್ಜಿದಳು. ಆಮೇಲೆ ಬೆಳಕಿನಲ್ಲಿ ಮಿರಮಿರ ಮಿಂಚುತ್ತಿದ್ದ ಎರಡೂ ಕೈಗಳನ್ನು ಮಗಳ ಮುಂದೆ ಚಾಚಿ, “ನೋಡು, ಹೋಯ್ತಲ್ಲ?” ಎಂದಳು.

ಕೆಮಿಸ್ಟಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದಳು.

“ನೂರಕ್ಕೆ ನೂರು,” ಎಂದಳು.