ಎರಡನ್ನು ಒಂದು ಮಾಡುವ ಮಿಷನ್ನು

ನಂದೀಶ್ವರಯ್ಯನವರಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ. ಕಟ್ಟಿಕೊಂಡ ಹೆಂಡತಿ ಒಂದು ದಿನವಾದರೂ ತಮ್ಮ ಕೈಕೆಲಸ ನೋಡಿ ಬೆರಗಾಗಬೇಕು, ಆ ಬೆರಗನ್ನು ತಾವು ಕಣ್ಣಾರೆ ನೋಡಬೇಕು. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಅವರು ಗುಮಾಸ್ತರು. ಅಲ್ಲಿ ಅವರು ಒತ್ತುವ ಮೊಹರಿಗಾಗಿ ಸುತ್ತಲ ಹಳ್ಳಿಯ ಯಜಮಾನರೆಲ್ಲ ಕೈಕಟ್ಟಿ ನಿಲ್ಲುತ್ತಿದ್ದರು. ಮನೆಗೆ ಬಂದರೆ ಮಾತ್ರ ನಾಗರತ್ನಮ್ಮನವರು ಮೊರದಿಂದ ತಲೆಯೆತ್ತದೆ, "ಬಂದ್ರಾ, ಕಾಲು ತೊಳ್ಕಳಿ" ಅನ್ನುತ್ತಿದ್ದರು. ಇಷ್ಟೇ ಸ್ವಾಗತ.

ಪ್ರಯತ್ನಕ್ಕೇನೂ ಕೊರತೆಯಿರಲಿಲ್ಲ. ರಜೆ ಬಂತೆಂದರೆ ಸುತ್ತಿಗೆ, ಇಕ್ಕಳ ಹಿಡಿದು ಹಿತ್ತಿಲಿಗೆ ಇಳಿಯುತ್ತಿದ್ದರು. ಗೋಡೆ ಗಡಿಯಾರವನ್ನು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ, ಮಿಕ್ಕ ತಿರುಪುಗಳನ್ನು ಜೋಪಾನವಾಗಿ ಡಬ್ಬಿಯಲ್ಲಿಟ್ಟರು (ಅಂದಿನಿಂದ ಆ ಗಡಿಯಾರದಲ್ಲಿ ಸದಾ ಮಧ್ಯಾಹ್ನ). ಬಿಂದಿಗೆ ಇಡಲು ಮರದ ಸ್ಟ್ಯಾಂಡು ಮಾಡಿದರು. ಅದು ಬಿಂದಿಗೆ ಇಟ್ಟಾಗ ವಾಲುತ್ತಿತ್ತು, ಇಡದಿದ್ದಾಗ ನೆಟ್ಟಗೆ ನಿಲ್ಲುತ್ತಿತ್ತು. ಎಲ್ಲದಕ್ಕೂ ನಾಗರತ್ನಮ್ಮನವರು, "ಹೂಂ, ಚೆನ್ನಾಗೈತೆ" ಅಂದರು. ಗಂಡನಾದವನ ಎದೆ ಒಡೆಯಲು ಇದಕ್ಕಿಂತ ಹರಿತವಾದ ಮಾತು ಕನ್ನಡದಲ್ಲಿಲ್ಲ.

ಹೀಗಿರುವಾಗ ಅವರನ್ನು ಕಚೇರಿಯ ಕೆಲಸದ ಮೇಲೆ ಶಿರಾಕ್ಕೆ ಕಳಿಸಿದರು. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದವರ ಕಣ್ಣಿಗೆ ಎದುರುಗಡೆಯ ತಗಡಿನ ಶೆಡ್ಡಿನೊಳಗಿಂದ ಒಂದು ಬೆಳಕು ಹೊಡೆಯಿತು. ಎಂಥ ಬೆಳಕು ಅದು. ನೀಲಿ ಎಂದರೆ ನೀಲಿಯಲ್ಲ, ಬಿಳಿ ಎಂದರೆ ಬಿಳಿಯಲ್ಲ. ಮಟಮಟ ಮಧ್ಯಾಹ್ನದ ಸೂರ್ಯನೇ ಅದರ ಮುಂದೆ ಬಡವನಾಗಿ ಕಂಡ. ಒಳಗೆ ಶೆಡ್ಡಿನ ಯಜಮಾನರಾದ ಕರೀಮ್ ಸಾಬರು ಕರೀ ಗಾಜಿನ ಮುಖವಾಡ ಹಿಡಿದು, ಮುರಿದ ಲಾರಿ ಪಟ್ಟೆಗೆ ಒಂದು ಸಣ್ಣ ಕಡ್ಡಿ ತೋರಿಸುತ್ತಿದ್ದರು. ಬೆಳಕು ಆರಿದಾಗ ಎರಡು ತುಂಡು ಇದ್ದ ಕಬ್ಬಿಣ ಒಂದಾಗಿತ್ತು. ನಂದೀಶ್ವರಯ್ಯನವರ ಮೈ ಜುಂ ಎಂದಿತು. ಕಲ್ಲಾಗಿ ನಿಂತುಬಿಟ್ಟರು. ಮಧುಗಿರಿ ಬಸ್ಸು ಬಂತು, ಕಂಡಕ್ಟರು ಕೂಗಿದ, ಬಸ್ಸು ಹೋಯಿತು. ಇದನ್ನು ನೋಡಿಯೂ ಬೆರಗಾಗದ ಹೆಂಗಸು ಈ ಭೂಮಂಡಲದಲ್ಲಿ ಇರಲಾರಳು ಎಂದು ಅವರಿಗೆ ಖಾತ್ರಿಯಾಯಿತು.

"ಸಾಬ್ರೇ, ಮನೇಲಿ ಇಟ್ಕಳೋಕೆ ಇಂಥದ್ದೊಂದು ಸಿಗುತ್ತಾ? ಹವ್ಯಾಸಕ್ಕೆ," ಎಂದು ಕೇಳಿದರು.

ಕರೀಮ್ ಸಾಬರು ಮುಖವಾಡ ಇಳಿಸಿ ಗುಮಾಸ್ತರ ಕೋಟು, ಪೇಟ, ಛತ್ರಿಗಳನ್ನು ನೋಡಿದರು. "ಹೊಸಾದು ಬೆಂಗ್ಳೂರಿಂದ ತರಿಸ್ಬೇಕು ಸ್ವಾಮಿ. ಅದರ ರೇಟಿಗೆ ಒಳ್ಳೇ ಜೋಡಿ ಎತ್ತು ಬರ್ತಾವೆ. ಗ್ಯಾಸಿಂದು ಸಸ್ತಾ. ಆದ್ರೆ ಅದರ ನಾತಕ್ಕೆ ನಿಮ್ಮ ಮನೆ ಅಮ್ಮಾವ್ರು ನಿಮ್ಮನ್ನೇ ಬೀದಿಗೆ ಹಾಕ್ತಾರೆ."

"ಹಂಗಾರೆ?"

"ನಾನೇ ತಂತಿ ಸುತ್ತಿ ಮಾಡಿದ್ದು ಒಂದು ಹಳೇದೈತೆ. ಚಿಕ್ಕದು. ನಿಮ್ಮ ಕೈಗೆ ಎಟಕೋ ರೇಟಿಗೇ ಕೊಡ್ತೀನಿ. ಲೇಕಿನ್ ಮೊದಲು ಕೈ ನೋಡ್ಬೇಕು. ಕೈಗೆ ಒಗ್ಗಿದ್ರೆ ಇಟ್ಕಳಿ, ಒಗ್ಗದಿದ್ರೆ ವಾಪಸ್ ತಗೊಂಡು ಬರ್ತೀನಿ. ಒಗ್ಗದ ಕೈಗೆ ಕೊಟ್ರೆ ನನ್ನ ಮಿಷನ್ನಿಗೆ ಕೆಟ್ಟ ಹೆಸರು."

ಹೆಣ್ಣು ಕೊಡುವ ಮಾವ ಕೂಡ ಇಷ್ಟು ಬಿಗಿ ಮಾಡಿರಲಿಲ್ಲ. ನಂದೀಶ್ವರಯ್ಯನವರು ಒಪ್ಪಿದರು.

ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗುಟ್ಟನ್ನು ಆದಷ್ಟು ಎಳೆಯಬೇಕೆಂದು ನಿಧಾನವಾಗಿ ಶುರು ಮಾಡಿದರು. "ಇವಳೇ, ಮನೆಗೊಂದು ಮಿಷನ್ನು ತರೋಣ ಅಂತಿದೀನಿ."

ಮೊರದ ಮೇಲಿನ ಕೈ ನಿಂತಿತು. "ಯಾವ ಮಿಷನ್ನು?"

"ಎರಡನ್ನ ಸೇರಿಸಿ ಒಂದು ಮಾಡುತ್ತಲ್ಲ, ಅದು. ಸೇರಿಸಿದ್ದು ಎಳೆದ್ರೂ ಬಿಡಬಾರದು, ಹಂಗೆ."

"ಎಲ್ಲಿಂದು?"

"ಶಿರಾದ ಸಾಬರದ್ದು. ಹಳೇದೇ, ಆದ್ರೆ ಗಟ್ಟಿ."

"ಕಾಲಲ್ಲಿ ತುಳಿಯೋದಾ, ಕೈಯಲ್ಲಿ ತಿರುಗಿಸೋದಾ?"

"ಕರೆಂಟಿಂದು ಕಣೇ."

ನಾಗರತ್ನಮ್ಮನವರ ಹುಬ್ಬು ಒಂದು ಎಳ್ಳಿನಷ್ಟು ಮೇಲೇರಿತು. ಇನ್ನೇನು ಹಣ್ಣಾಗುತ್ತಿದೆ ಎಂದು ನಂದೀಶ್ವರಯ್ಯನವರು ಹಿಗ್ಗಿದರು. ಆ ರಾತ್ರಿ ಊಟಕ್ಕೆ ಕೇಳದೆಯೇ ಪಾಯಸ ಬಂತು. ಪಕ್ಕದಲ್ಲೇ ಬೈರಪ್ಪನವರ ರಾಗಿ ಮಿಷನ್ನು ಇತ್ತು. ಮನೆಯ ದೀಪದ ಲೈನು ಈ ಭಾರ ತಡೆಯದು ಎಂದು ಕರೀಮ್ ಸಾಬರು ಹೇಳಿದ್ದರಿಂದ, ಗೋಡೆ ಮೇಲಿಂದ ಅಲ್ಲಿನ ಲೈನು ಎಳೆದುಕೊಳ್ಳಲು ಬೈರಪ್ಪನವರ ಒಪ್ಪಿಗೆಯೂ ಸಿಕ್ಕಿತು.

ಭಾನುವಾರ ಶಿರಾ ಬಸ್ಸಿನಿಂದ ಕರೀಮ್ ಸಾಬರು ಇಳಿದರು, ಟಾಪಿನಿಂದ ಒಂದು ಕರೀ ಕಬ್ಬಿಣದ ಪೆಟ್ಟಿಗೆ ಇಳಿಯಿತು. ಎಣ್ಣೆ ಜಿನುಗುತ್ತ, ಹೆಬ್ಬಾವಿನಂಥ ಎರಡು ತಂತಿಗಳನ್ನು ಹೊದ್ದುಕೊಂಡು ಅದು ಹಿತ್ತಿಲಿಗೆ ಬಂತು. ಹಿತ್ತಿಲಲ್ಲಿ ನಾಗರತ್ನಮ್ಮನವರು ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಕಂಕುಳಲ್ಲಿ ರವಿಕೆ ಬಟ್ಟೆಗಳ ಗಂಟು. ಹಿಂದೆ ಎದುರುಮನೆಯ ಸಿದ್ದಗಂಗಮ್ಮ, ಮಗಳ ಹರಿದ ಲಂಗದೊಂದಿಗೆ.

ನಾಗರತ್ನಮ್ಮನವರು ಪೆಟ್ಟಿಗೆಯನ್ನು ಒಂದು ಸುತ್ತು ಬಂದರು. "ಸೂಜಿ ಎಲ್ಲೈತೆ?"

ಕರೀಮ್ ಸಾಬರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಕಟ್ಟಿನಿಂದ ಒಂದು ಕಡ್ಡಿ ಎಳೆದರು. "ಇದನ್ನೇ ಸೂಜಿ ಅನ್ಕಳಿ ಅಮ್ಮಾ. ಕಬ್ಬಿಣ ಹೊಲಿಯೋದು."

ನಾಗರತ್ನಮ್ಮನವರು ಗಂಡನ ಕಡೆ ತಿರುಗಿದರು. "ಹೊಲಿಗೆ ಮಿಷನ್ನು ಅಂದ್ರಿ."

"ನಾನೆಲ್ಲಿ ಅಂದೆ? ಮಿಷನ್ನು ಅಂದೆ."

"ಮಿಷನ್ನು ಅಂದ್ರೆ ಒಂದು ರಾಗಿ ಬೀಸೋದು, ಇಲ್ಲಾ ಬಟ್ಟೆ ಹೊಲಿಯೋದು. ಇನ್ನೊಂದು ಯಾವುದೈತೆ ಲೋಕದಾಗೆ? ಬೀದಿಗೆಲ್ಲಾ ಹೇಳ್ಕಂಡು ಬಂದಿವ್ನಿ."

ಈ ಅವಮಾನವನ್ನು ಅಳಿಸಲು ಇದ್ದದ್ದು ಒಂದೇ ದಾರಿ. ನಂದೀಶ್ವರಯ್ಯನವರು ಪಂಚೆ ಎತ್ತಿ ಕಟ್ಟಿದರು, ಮುಖವಾಡ ಹಿಡಿದರು, ಎರಡು ಕಬ್ಬಿಣದ ಪಟ್ಟಿ ಜೋಡಿಸಿಟ್ಟು ಕಡ್ಡಿಯನ್ನು ಟಪ್ಪನೆ ಒತ್ತಿದರು. ಅಷ್ಟೂ ವರ್ಷ ಮೊಹರು ಒತ್ತಿದ ಕೈ, ಅದಕ್ಕೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಕಡ್ಡಿ ಕಬ್ಬಿಣಕ್ಕೆ ಅಂಟಿಕೊಂಡಿತು. ಪೆಟ್ಟಿಗೆ ಗುಂಯ್ ಎಂದಿತು. ಗೋಡೆಯಾಚೆ ರಾಗಿ ಮಿಷನ್ನು ಉಸಿರು ಕಟ್ಟಿ ನರಳಿತು.

"ಗೀಚಿ ಸ್ವಾಮಿ. ಬೆಂಕಿಕಡ್ಡಿ ಗೀಚ್ದಂಗೆ ಗೀಚಿ," ಅಂದರು ಸಾಬರು.

ಹುಟ್ಟಿದಾರಭ್ಯ ಒಲೆ ಹಚ್ಚದ, ಬೀಡಿ ಮುಟ್ಟದ ಸಭ್ಯ ಗೃಹಸ್ಥರಿಗೆ ಬೆಂಕಿಕಡ್ಡಿ ಗೀಚುವುದು ಹೇಗೆ ಗೊತ್ತು? ಮತ್ತೆ ಟಪ್ಪೆಂದರು, ಮತ್ತೆ ಅಂಟಿತು. ಕಿತ್ತರು, ಒತ್ತಿದರು, ಅಂಟಿತು. ಕಬ್ಬಿಣದ ಮೇಲೆ ಸಾಲಾಗಿ ಕರೀ ಮೊಹರುಗಳು ಬಿದ್ದವು, ದಿನಾಂಕ ಒಂದಿರಲಿಲ್ಲ. ಗೋಡೆ ಮೇಲೆ ಬೈರಪ್ಪನವರ ಹಿಟ್ಟು ಮೆತ್ತಿದ ತಲೆ ಕಾಣಿಸಿತು. "ಗುಮಾಸ್ತ್ರೇ, ರಾಗಿ ನುರೀತಿಲ್ಲ, ಬರೀ ತರಿ ಬತ್ತೈತೆ. ಜನ ಬೈತಾವ್ರೆ."

ಕರೀಮ್ ಸಾಬರು ನಿಟ್ಟುಸಿರುಬಿಟ್ಟು ತಂತಿ ಸುತ್ತತೊಡಗಿದರು. "ಬೇಜಾರ್ ಮಾಡ್ಕಬೇಡಿ ಸ್ವಾಮಿ. ಒಗ್ಗಲಿಲ್ಲ. ಸಂಜೆ ಬಸ್ಸಿಗೆ ಏರಿಸ್ಕೊಂಡು ಹೋಗ್ತೀನಿ."

ನಂದೀಶ್ವರಯ್ಯನವರು ಮುಖವಾಡವನ್ನು ಪೆಟ್ಟಿಗೆಯ ಮೇಲಿಟ್ಟರು. ಬೆರಗು ಹೋಗಲಿ, ಇನ್ನು ಮೇಲೆ "ಚೆನ್ನಾಗೈತೆ" ಎಂಬ ಮಾತಿಗೂ ಸಂಚಕಾರ.

"ಇರಿ ಸಾಬ್ರೇ," ಎಂದು ನಾಗರತ್ನಮ್ಮನವರು ಗಂಟನ್ನು ಸಿದ್ದಗಂಗಮ್ಮನ ಕೈಗಿತ್ತು ಸೆರಗು ಸಿಕ್ಕಿಸಿದರು. "ಅಷ್ಟು ದೂರದಿಂದ ಬಂದೈತೆ. ಅದೇನು ಗೀಚೋದು ಅಂತ ನಾನೂ ನೋಡ್ತೀನಿ."

ಸಾಬರು ಕಡ್ಡಿ ಹಿಡಿಯುವುದು ತೋರಿಸಿದರು. ಮಳೆಗಾಲದಲ್ಲಿ ತೇವ ಹಿಡಿದ ಬೆಂಕಿಪೊಟ್ಟಣದ ಜೊತೆ ದಿನಾ ಬೆಳಿಗ್ಗೆ ಗುದ್ದಾಡುವ ಕೈ ಅದು. ಒಂದೇ ಸಲ ಗೀಚಿತು. ಛರ್ ಎಂದು ಹೊತ್ತಿಕೊಂಡಿತು.

"ಈಗ ಮುಟ್ಟಿಸ್ಬೇಡಿ, ದೂರಾನೂ ಹೋಗ್ಬೇಡಿ. ಅಂಗೇ ಎಳೀರಿ," ಎಂದು ಸಾಬರು ಕೂಗುತ್ತಿದ್ದರು. ಕೂಗುವ ಅಗತ್ಯವಿರಲಿಲ್ಲ. ಬೆರಳು ನೆಲಕ್ಕೆ ತಾಕಬಾರದು, ಮೇಲಕ್ಕೂ ಹೋಗಬಾರದು, ಎಳೆ ನಡುವೆ ಕಡಿಯಬಾರದು. ದಿನ ಬೆಳಗಾದರೆ ಹೊಸ್ತಿಲ ಮುಂದೆ ರಂಗೋಲಿ ಎಳೆಯುವವರಿಗೆ ಇದರಲ್ಲಿ ಹೊಸದೇನಿದೆ? ಬೆಳಕು ನಾಗರತ್ನಮ್ಮನವರ ಕೈಯ ತುದಿಯಲ್ಲಿ ನಿಂತು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಧಾನವಾಗಿ ಮುಂದೆ ನಡೆಯಿತು. ಬಾಳೆಗಿಡ, ಒಗೆಯುವ ಕಲ್ಲು, ಸಿದ್ದಗಂಗಮ್ಮನ ಮೂಗುತಿ, ಎಲ್ಲ ನೀಲಿಯಾಗಿ ಝಗಝಗಿಸಿದವು.

"ನೋಡ್ಬೇಡಿ ಸ್ವಾಮಿ, ಅತ್ಲಾಗೆ ತಿರುಗಿ. ಕಣ್ಣು ಹೋಗ್ತಾವೆ." ಸಿದ್ದಗಂಗಮ್ಮ ತಿರುಗಿ ನಿಂತಳು, ಬೈರಪ್ಪನವರ ತಲೆ ಗೋಡೆಯಾಚೆ ಮುಳುಗಿತು. ನಂದೀಶ್ವರಯ್ಯನವರು ತಿರುಗಲಿಲ್ಲ. ತಿರುಗಲಾಗಲಿಲ್ಲ. ಇದ್ದ ಒಂದೇ ಮುಖವಾಡ ಹೆಂಡತಿಯ ಮುಖದ ಮೇಲಿತ್ತು. ಇಷ್ಟು ವರ್ಷ ತಮಗೆ ಅನ್ನ ಬಡಿಸಿದ ಕೈ ಇದೇನಾ ಎಂದು ಅವರು ಬಾಯಿ ಬಿಟ್ಟುಕೊಂಡು, ರೆಪ್ಪೆ ಬಡಿಯದೆ ಕಡ್ಡಿ ಮುಗಿಯುವ ತನಕ ನೋಡಿದರು.

ಸಾಬರು ಸುತ್ತಿಗೆಯಿಂದ ಮೇಲಿನ ಕಿಟ್ಟ ತಟ್ಟಿದರು. ಒಳಗಿನಿಂದ ಬೆಳ್ಳಿಯ ಗೆರೆಯೊಂದು ಮೀನಿನ ಹೊಟ್ಟೆಯ ಹಾಗೆ ಮಿನುಗಿತು. "ಮಾಶಾ ಅಲ್ಲಾ," ಅಂದು ಟೋಪಿ ಸರಿಮಾಡಿಕೊಂಡರು. "ಮಿಷನ್ನು ಇಲ್ಲೇ ಇರ್ಲಿ. ಅಮ್ಮಾವ್ರು ಹೇಳಿದ್ದೇ ರೇಟು."

ನಾಗರತ್ನಮ್ಮನವರು ಮುಖವಾಡ ಇಳಿಸಿ ಗೆರೆಯನ್ನು ನೋಡಿದರು. "ಇದು ನಾ ಹಾಕಿದ್ದಾ?" ಅಂದರು, ಮೆಲ್ಲಗೆ.

ಆಗ ಅವರ ಕಣ್ಣು ಅರಳಿದ್ದನ್ನು ಸಾಬರು ನೋಡಿದರು. ಸಿದ್ದಗಂಗಮ್ಮ ನೋಡಿದಳು. ಮತ್ತೆ ಮೇಲೆದ್ದ ಬೈರಪ್ಪನವರು ಕೂಡ ನೋಡಿದರು. ನಂದೀಶ್ವರಯ್ಯನವರಿಗೆ ಮಾತ್ರ ಹೆಂಡತಿಯ ಮುಖವಿರಬೇಕಾದ ಜಾಗದಲ್ಲಿ ಒಂದು ಹಸಿರು ಸೂರ್ಯ ಕಂಡಿತು, ಅದರ ಪಕ್ಕದಲ್ಲಿ ಇನ್ನೊಂದು.

ಸಂಜೆಯ ಹೊತ್ತಿಗೆ ಕಣ್ಣಿಗೆ ಮರಳು ತುಂಬಿದಂತಾಗಿ ರೆಪ್ಪೆಗಳು ಬಾತುಕೊಂಡವು. ನಾಗರತ್ನಮ್ಮನವರು ನೀರಲ್ಲಿ ನೆನೆಸಿದ ನಂದಿಬಟ್ಟಲ ಹೂವನ್ನು ಎರಡು ಕಣ್ಣಿಗೂ ಇಟ್ಟು ಬಟ್ಟೆ ಕಟ್ಟಿ ಜಗಲಿಯ ಮೇಲೆ ಕೂರಿಸಿದರು. ಮಾರನೆಯ ದಿನವೂ ಕಟ್ಟು ಬಿಚ್ಚಲಾಗಲಿಲ್ಲ. ದಾರಿಯಲ್ಲಿ ಹೋಗುವವರು, "ಗುಮಾಸ್ತ್ರೇ, ವೆಲ್ಡಿಂಗ್ ಅಮ್ಮಾವ್ರು ಅವ್ರಾ?" ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಕೊನೆಗೆ ತಡೆಯಲಾರದೆ ಅವರು ಒಳಕ್ಕೆ ಮುಖ ಮಾಡಿ ಕೂಗಿದರು. "ಇವಳೇ, ನಿನ್ನೆ ಅದನ್ನ ನೋಡಿ ಬೆರಗಾದೆಯಂತೆ, ಹೌದಾ?"

"ಹೂಂ, ಆದೆ. ನೀವು ಎದುರಿಗೇ ನಿಂತಿದ್ರಲ್ಲ."

"ನಂಗೆ ಕಾಣಲಿಲ್ಲ ಕಣೇ."

ಒಳಗಿನಿಂದ ಹೆಜ್ಜೆಯ ಸದ್ದು ಬಂತು. ಆಮೇಲೆ ಹತ್ತಿರ ಬಂದು ಕಟ್ಟನ್ನು ಬಿಗಿಮಾಡಿದ ಕೈಯಲ್ಲಿ ಕಬ್ಬಿಣದ ವಾಸನೆಯಿತ್ತು. "ಅದಕ್ಯಾಕೆ ಅಷ್ಟು ಬೇಜಾರು? ಕಣ್ಣು ವಾಸಿಯಾಗ್ಲಿ ಬುಡಿ, ನಿಮ್ಮ ಮುಂದೆ ಕೂತ್ಕಂಡು ಇನ್ನೊಂದ್ಸಲ ಆಗ್ತೀನಿ. ಈಗ ಬೈರಪ್ಪನೋರ ಮಿಷನ್ನಿನ ಕಾಲು ಮುರಿದೈತೆ, ಹೋಗಿ ಬತ್ತೀನಿ. ಒಲೆ ಮೇಲೆ ಹಾಲಿಟ್ಟಿವ್ನಿ, ಉಕ್ಕೋ ಸದ್ದು ಕೇಳುಸ್ಕಳಿ."